ಮೌಸ್ ಇಲ್ಲದೆ ಪರೀಕ್ಷಾ ಅರ್ಜಿ ತುಂಬಲು ಸಾಧ್ಯವೇ? ದೃಷ್ಟಿ ವಿಕಲಚೇತನ ವಿದ್ಯಾರ್ಥಿಗಳು ಮತ್ತು ವಿಶ್ವವಿದ್ಯಾಲಯಗಳ ಪೋರ್ಟಲ್

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಉಪಶೀರ್ಷಿಕೆಗಳನ್ನು ಸೇರಿಸಲಾಗಿದೆ.)



ಒಂದು ಕಾಲದಲ್ಲಿ ಕಾಲೇಜಿಗೆ ಸೇರೋದು ಅಂದ್ರೆ ಕೌಂಟರ್ ಮುಂದೆ ಸಾಲು ನಿಲ್ಲೋದು, ಅರ್ಜಿ ತಗೊಳ್ಳೋದು, ಬ್ಯಾಂಕಿನಲ್ಲಿ ಚಲನ್ ಕಟ್ಟೋದು ಅಂತಿತ್ತು. ಈಗ ಆ ಸಾಲು ಬಹುತೇಕ ಇಲ್ಲ. ಪ್ರವೇಶ, ಶುಲ್ಕ, ಪರೀಕ್ಷಾ ಅರ್ಜಿ, ಹಾಲ್ ಟಿಕೆಟ್, ಫಲಿತಾಂಶ, ಮರುಮೌಲ್ಯಮಾಪನ ಎಲ್ಲವೂ ಆನ್‌ಲೈನ್. ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗಂತೂ ಯುಯುಸಿಎಂಎಸ್, ಅಂದ್ರೆ ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆ ಎಂಬ ಹೆಸರು ಚೆನ್ನಾಗಿಯೇ ಗೊತ್ತು.

ಇದರಿಂದ ಬಹಳ ಮಂದಿಗೆ ಅನುಕೂಲ ಆಗಿದೆ, ಅದನ್ನು ಅಲ್ಲಗಳೆಯೋ ಹಾಗಿಲ್ಲ. ದೃಷ್ಟಿ ಇಲ್ಲದ ವಿದ್ಯಾರ್ಥಿಗೂ ಇದು ವರವಾಗಬೇಕಿತ್ತು. ಬಸ್ ಹಿಡಿದು ವಿಶ್ವವಿದ್ಯಾಲಯದ ಕಚೇರಿಗೆ ಅಲೆಯೋದು, ಗುಮಾಸ್ತರ ಮುಂದೆ ನಿಂತು ಅರ್ಜಿಯಲ್ಲಿ ಏನಿದೆ ಅಂತ ಕೇಳೋದು ತಪ್ಪಬೇಕಿತ್ತು. ಆದ್ರೆ ಎಷ್ಟೋ ಕಡೆ ಆಗಿರೋದು ಬೇರೆ. ಕಾಗದದ ಅರ್ಜಿಯನ್ನು ಪಕ್ಕದವರ ಹತ್ತಿರ ಓದಿಸಿಕೊಳ್ಳುತ್ತಿದ್ದವರು ಈಗ ಸೈಬರ್ ಸೆಂಟರ್‌ನಲ್ಲಿ ಕೂತು, ತಮ್ಮ ಪಾಸ್‌ವರ್ಡ್ ಮತ್ತು ಒಟಿಪಿಯನ್ನು ಅಪರಿಚಿತರಿಗೆ ಗಟ್ಟಿಯಾಗಿ ಹೇಳಬೇಕಾಗಿದೆ.

ಯಾಕೆ ಹೀಗೆ? ಒಂದು ವೆಬ್‌ಸೈಟ್ ಅಂಧರಿಗೆ ತೆರೆದುಕೊಳ್ಳೋದು ಅಥವಾ ಮುಚ್ಚಿಕೊಳ್ಳೋದು ಹೇಗೆ? ಕಾನೂನು ಏನು ಹೇಳುತ್ತೆ? ಸರಿಪಡಿಸೋದು ಎಷ್ಟು ಕಷ್ಟ? ಇವತ್ತು ಇದನ್ನೇ ಬಿಡಿಸಿ ನೋಡೋಣ.

ಮೊದಲಿಗೆ, ಸ್ಕ್ರೀನ್ ರೀಡರ್ ಅಂದ್ರೇನು?

ಕಣ್ಣು ಕಾಣದವರು ಕಂಪ್ಯೂಟರ್ ಬಳಸ್ತಾರಾ ಅಂತ ಈಗಲೂ ಕೇಳುವವರಿದ್ದಾರೆ. ಬಳಸ್ತಾರೆ, ಅದೂ ಬಹಳ ವೇಗವಾಗಿ. ಪರದೆಯ ಮೇಲಿರೋದನ್ನು ಧ್ವನಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಅಂತಾರೆ. ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಜಾಸ್ ಮತ್ತು ಎನ್‌ವಿಡಿಎ ಹೆಚ್ಚು ಬಳಕೆಯಲ್ಲಿವೆ. ಜಾಸ್‌ಗೆ ಹಣ ಕೊಡಬೇಕು. ಎನ್‌ವಿಡಿಎ ಉಚಿತ. ಆಸ್ಟ್ರೇಲಿಯಾದ ಮೈಕಲ್ ಕರನ್ ಎಂಬ ಅಂಧ ಯುವಕ 2006ರಲ್ಲಿ ಅದನ್ನು ಬರೆಯಲು ಶುರುಮಾಡಿದರು. ಅಂಧರೇ ಆದ ಅವರ ಗೆಳೆಯ ಜೇಮ್ಸ್ ಟೆಹ್ ಜೊತೆಯಾದರು. ನಮ್ಮಲ್ಲಿ ಎಷ್ಟೋ ವಿದ್ಯಾರ್ಥಿಗಳ ಓದು ನಡೆಯುತ್ತಿರೋದು ಈ ಉಚಿತ ತಂತ್ರಾಂಶದ ಮೇಲೆಯೇ. ಆಂಡ್ರಾಯ್ಡ್ ಮೊಬೈಲ್‌ನಲ್ಲಿ ಟಾಕ್‌ಬ್ಯಾಕ್, ಐಫೋನ್‌ನಲ್ಲಿ ವಾಯ್ಸ್‌ಓವರ್ ಮೊದಲೇ ಇರುತ್ತವೆ.

ಇಲ್ಲಿ ಒಂದು ವಿಷಯ ಗಮನಿಸಿ. ಸ್ಕ್ರೀನ್ ರೀಡರ್ ಪರದೆಯ ಚಿತ್ರವನ್ನು ನೋಡಿ ಓದೋದಲ್ಲ. ಪುಟದ ಹಿಂದಿರುವ ಕೋಡ್ ಅನ್ನು ಅದು ಓದುತ್ತೆ. ‘ಇದು ಶೀರ್ಷಿಕೆ’, ‘ಇದು ಬಟನ್’, ‘ಇದು ಹೆಸರು ಬರೆಯುವ ಜಾಗ’ ಅಂತ ಕೋಡ್‌ನಲ್ಲಿ ಬರೆದಿದ್ದರೆ ಅದನ್ನೇ ಹೇಳುತ್ತೆ. ಬರೆಯದಿದ್ದರೆ ಅದಕ್ಕೂ ಗೊತ್ತಾಗಲ್ಲ.

ನಾವು ಒಂದು ಪುಟವನ್ನು ಕಣ್ಣಾಡಿಸಿ ಬೇಕಾದ ಕಡೆ ಹೋಗ್ತೀವಲ್ಲ, ಅದೇ ಕೆಲಸವನ್ನು ಅವರು ಕೀಬೋರ್ಡ್‌ನಿಂದ ಮಾಡ್ತಾರೆ. ಎನ್‌ವಿಡಿಎಯಲ್ಲಿ ಎಚ್ ಕೀ ಒತ್ತಿದರೆ ಮುಂದಿನ ಶೀರ್ಷಿಕೆಗೆ ಹೋಗುತ್ತೆ, ಕೆ ಒತ್ತಿದರೆ ಮುಂದಿನ ಲಿಂಕ್‌ಗೆ, ಎಫ್ ಒತ್ತಿದರೆ ಅರ್ಜಿಯ ಮುಂದಿನ ಖಾನೆಗೆ, ಟಿ ಒತ್ತಿದರೆ ಕೋಷ್ಟಕಕ್ಕೆ. ಪುಟ ಕಟ್ಟಿದವರು ದಪ್ಪಕ್ಷರ ಹಾಕಿ ಅದು ಶೀರ್ಷಿಕೆಯಂತೆ ಕಾಣೋ ಹಾಗೆ ಮಾಡಿ, ಕೋಡ್‌ನಲ್ಲಿ ಶೀರ್ಷಿಕೆ ಅಂತ ಗುರುತು ಹಾಕದಿದ್ದರೆ ಎಚ್ ಕೀ ಒತ್ತಿ ಪ್ರಯೋಜನ ಇಲ್ಲ. ಇಡೀ ಪುಟವನ್ನು ಮೊದಲಿಂದ ಕೊನೆವರೆಗೆ ಸಾಲು ಸಾಲಾಗಿ ಕೇಳಬೇಕು. ಮೆನುವಿನಲ್ಲಿ ಅರವತ್ತು ಲಿಂಕ್ ಇದ್ದರೆ, ಪುಟ ಬದಲಾದಾಗಲೆಲ್ಲ ಆ ಅರವತ್ತನ್ನೂ ದಾಟಬೇಕು.

ಒಂದು ಅರ್ಜಿ, ಏಳೆಂಟು ಬಾಗಿಲು

ಈಗ ಬಿ.ಎ. ಎರಡನೇ ಸೆಮಿಸ್ಟರ್ ಓದುತ್ತಿರುವ, ದೃಷ್ಟಿ ಇಲ್ಲದ ಒಬ್ಬ ವಿದ್ಯಾರ್ಥಿನಿ ಪರೀಕ್ಷಾ ಅರ್ಜಿ ತುಂಬ್ತಿದ್ದಾಳೆ ಅಂದುಕೊಳ್ಳಿ. ಅವಳಿಗೆ ಎದುರಾಗಬಹುದಾದ ಅಡಚಣೆಗಳನ್ನು ಒಂದೊಂದಾಗಿ ನೋಡೋಣ.

ಮೊದಲ ಬಾಗಿಲು ಕ್ಯಾಪ್ಚಾ. ವಕ್ರವಕ್ರ ಅಕ್ಷರಗಳ ಚಿತ್ರ ತೋರಿಸಿ ‘ಇಲ್ಲಿರುವುದನ್ನು ಟೈಪ್ ಮಾಡಿ’ ಅನ್ನುತ್ತಲ್ಲ, ಅದು. ಯಂತ್ರಗಳು ಓದಬಾರದು ಅಂತಲೇ ಮಾಡಿರೋ ಚಿತ್ರ ಅದು. ಸ್ಕ್ರೀನ್ ರೀಡರ್ ಕೂಡ ಒಂದು ಯಂತ್ರವೇ ತಾನೆ? ಹಾಗಾಗಿ ಅದಕ್ಕೂ ಓದಲಾಗಲ್ಲ. ಪಕ್ಕದಲ್ಲಿ ಧ್ವನಿ ಕ್ಯಾಪ್ಚಾ ಇಲ್ಲದಿದ್ದರೆ ಅವಳ ಪ್ರಯಾಣ ಲಾಗಿನ್ ಪುಟದಲ್ಲೇ ಮುಗೀತು.

ಎರಡನೆಯದು ಹೆಸರಿಲ್ಲದ ಖಾನೆಗಳು. ಕಣ್ಣಿಗೆ ಖಾನೆಯ ಪಕ್ಕದಲ್ಲಿ ‘ನೋಂದಣಿ ಸಂಖ್ಯೆ’ ಅಂತ ಕಾಣುತ್ತೆ. ಆದ್ರೆ ಆ ಹೆಸರನ್ನು ಖಾನೆಗೆ ಕೋಡ್‌ನಲ್ಲಿ ಜೋಡಿಸಿರದಿದ್ದರೆ ಸ್ಕ್ರೀನ್ ರೀಡರ್ ಬರೀ ‘ಎಡಿಟ್, ಬ್ಲ್ಯಾಂಕ್’ ಅನ್ನುತ್ತೆ. ಮುಂದಿನ ಖಾನೆಗೂ ‘ಎಡಿಟ್, ಬ್ಲ್ಯಾಂಕ್’. ಯಾವುದರಲ್ಲಿ ಹೆಸರು, ಯಾವುದರಲ್ಲಿ ಆಧಾರ್ ಸಂಖ್ಯೆ?

ಮೂರನೆಯದು ಹುಟ್ಟಿದ ದಿನಾಂಕ. ಎಷ್ಟೋ ಪೋರ್ಟಲ್‌ಗಳಲ್ಲಿ ದಿನಾಂಕವನ್ನು ಟೈಪ್ ಮಾಡೋಕೆ ಬಿಡಲ್ಲ, ಕ್ಯಾಲೆಂಡರ್ ತೆರೆದು ಮೌಸ್‌ನಿಂದಲೇ ಒತ್ತಬೇಕು. ಕೀಬೋರ್ಡ್ ಮೇಲೆ ಬದುಕುವವರಿಗೆ ಅಲ್ಲಿ ದಾರಿ ಇಲ್ಲ.

ನಾಲ್ಕನೆಯದು ಫೋಟೊ ಮತ್ತು ಸಹಿ. ಇಷ್ಟೇ ಕೆಬಿ ಇರಬೇಕು, ಇಂಥದ್ದೇ ಅಳತೆ ಇರಬೇಕು, ಚೌಕಟ್ಟನ್ನು ಎಳೆದು ಕ್ರಾಪ್ ಮಾಡಬೇಕು. ಕಾಣದ ಚಿತ್ರದ ಸುತ್ತ ಕಾಣದ ಚೌಕಟ್ಟು ಎಳೆಯೋದು ಹೇಗೆ?

ಐದನೆಯದು ತಪ್ಪಿನ ಸೂಚನೆ. ಏನೋ ತಪ್ಪಾಗಿದೆ, ಆ ಖಾನೆಯ ಸುತ್ತ ಕೆಂಪು ಗೆರೆ ಬಂದಿದೆ. ಬಣ್ಣ ಬಿಟ್ಟು ಬೇರೆ ಸೂಚನೆಯೇ ಇಲ್ಲ. ಅವಳಿಗೆ ಗೊತ್ತಾಗೋದು ಇಷ್ಟೇ: ‘ಸಲ್ಲಿಸಿ’ ಬಟನ್ ಒತ್ತಿದರೂ ಅರ್ಜಿ ಮುಂದೆ ಹೋಗ್ತಿಲ್ಲ. ಬಣ್ಣಗುರುಡು ಇರುವ ವಿದ್ಯಾರ್ಥಿಗೂ ಇದೇ ಕಥೆ.

ಆರನೆಯದು ಸಮಯ. ಕೆಲವು ನಿಮಿಷ ಸುಮ್ಮನಿದ್ದರೆ ‘ಸೆಷನ್ ಮುಗಿದಿದೆ’ ಅಂತ ಹೊರಹಾಕುತ್ತೆ. ನೋಡಿ, ಲಿಖಿತ ಪರೀಕ್ಷೆಗಳಿಗೆ ಸಂಬಂಧಿಸಿದ 2018ರ ಕೇಂದ್ರದ ಮಾರ್ಗಸೂಚಿ ಏನು ಹೇಳಿತ್ತು ಅಂದ್ರೆ, ಲಿಪಿಕಾರರ ನೆರವು ಪಡೆಯುವ ವಿಕಲಚೇತನ ಅಭ್ಯರ್ಥಿಗೆ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು. ಪರೀಕ್ಷೆ ಬರೆಯೋಕೆ ಸಮಯ ಸಿಕ್ಕಿತು. ಆ ಪರೀಕ್ಷೆಗೆ ಅರ್ಜಿ ಹಾಕೋಕೆ?

ಏಳನೆಯದು ಶುಲ್ಕ. ವಿಶ್ವವಿದ್ಯಾಲಯದ ಪುಟ ಸರಿ ಇದ್ದರೂ ಅಲ್ಲಿಂದ ಪಾವತಿ ಕಂಪನಿಯ ಪುಟಕ್ಕೆ, ಅಲ್ಲಿಂದ ಬ್ಯಾಂಕಿನ ಪುಟಕ್ಕೆ ಹೋಗಬೇಕು. ಮೂವರಲ್ಲಿ ಒಬ್ಬರ ಪುಟ ಕೆಟ್ಟಿದ್ದರೂ ಹಣ ಕಟ್ಟೋಕಾಗಲ್ಲ. ಕ್ಯೂಆರ್ ಕೋಡ್ ಮಾತ್ರ ತೋರಿಸಿ ‘ಸ್ಕ್ಯಾನ್ ಮಾಡಿ’ ಅಂದ್ರೂ ಅಷ್ಟೇ.

ಕೊನೆಯದು ಫಲಿತಾಂಶ. ಅಂಕಗಳ ಕೋಷ್ಟಕದಲ್ಲಿ ಸಾಲು ಮತ್ತು ಕಂಬಗಳ ತಲೆಬರಹವನ್ನು ಕೋಡ್‌ನಲ್ಲಿ ಗುರುತಿಸಿರದಿದ್ದರೆ ಅವಳಿಗೆ ಕೇಳೋದು ಬರೀ ಅಂಕಿಗಳು: ‘72, 18, 90, 34, 16, 50’. ಇದರಲ್ಲಿ ಕನ್ನಡ ಯಾವುದು, ಇತಿಹಾಸ ಯಾವುದು, ಆಂತರಿಕ ಅಂಕ ಯಾವುದು? ತಾನು ಪಾಸಾದೆನೋ ಇಲ್ಲವೋ ಅನ್ನೋದನ್ನೂ ಇನ್ನೊಬ್ಬರ ಬಾಯಿಂದಲೇ ಕೇಳಬೇಕು.

ಇವುಗಳಲ್ಲಿ ಒಂದೊಂದೂ ಚಿಕ್ಕದಾಗಿ ಕಾಣುತ್ತೆ. ಆದ್ರೆ ಅರ್ಜಿ ಅನ್ನೋದು ಸರಪಳಿ. ಏಳು ಕೊಂಡಿ ಗಟ್ಟಿಯಿದ್ದು ಎಂಟನೆಯದು ಕಳಚಿದರೂ ಕೊನೆ ದಿನಾಂಕ ತಪ್ಪುತ್ತೆ, ದಂಡಶುಲ್ಕ ಬೀಳುತ್ತೆ, ಕೆಲವೊಮ್ಮೆ ಒಂದು ಸೆಮಿಸ್ಟರ್ ಹೋಗುತ್ತೆ.

ಕನ್ನಡದ ಸುತ್ತೋಲೆಗಳ ವಿಶೇಷ ಸಮಸ್ಯೆ

ಇನ್ನು ನಮ್ಮದೇ ಆದ ಒಂದು ತೊಂದರೆ ಇದೆ. ಇದರ ಬಗ್ಗೆ ಇಂಗ್ಲಿಷಿನಲ್ಲಿ ಹೆಚ್ಚು ಚರ್ಚೆ ಆಗಲ್ಲ, ಯಾಕಂದ್ರೆ ಅವರಿಗೆ ಈ ಸಮಸ್ಯೆಯೇ ಇಲ್ಲ.

ವಿಶ್ವವಿದ್ಯಾಲಯದ ಒಂದು ಸುತ್ತೋಲೆ ಹೇಗೆ ತಯಾರಾಗುತ್ತೆ? ಕಂಪ್ಯೂಟರ್‌ನಲ್ಲಿ ಟೈಪ್ ಮಾಡ್ತಾರೆ, ಪ್ರಿಂಟ್ ತೆಗೀತಾರೆ, ಕುಲಸಚಿವರು ಸಹಿ ಹಾಕ್ತಾರೆ, ಮೊಹರು ಬೀಳುತ್ತೆ, ಆಮೇಲೆ ಅದನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ವೆಬ್‌ಸೈಟ್‌ಗೆ ಹಾಕ್ತಾರೆ. ಕಂಪ್ಯೂಟರ್‌ನಲ್ಲಿ ಹುಟ್ಟಿದ ಅಕ್ಷರ ಕಾಗದಕ್ಕೆ ಹೋಗಿ, ಮತ್ತೆ ಕಂಪ್ಯೂಟರ್‌ಗೆ ಬರೋ ಹೊತ್ತಿಗೆ ಚಿತ್ರವಾಗಿರುತ್ತೆ. ಸ್ಕ್ರೀನ್ ರೀಡರ್‌ಗೆ ಅದು ಖಾಲಿ ಹಾಳೆ. ವೇಳಾಪಟ್ಟಿ ಬದಲಾಗಿದೆ, ಶುಲ್ಕದ ದಿನಾಂಕ ಮುಂದೂಡಿದೆ ಅನ್ನೋ ಸುದ್ದಿ ಆ ಖಾಲಿ ಹಾಳೆಯಲ್ಲಿರುತ್ತೆ.

ಸ್ಕ್ಯಾನ್ ಮಾಡದೆ ನೇರವಾಗಿ ಪಿಡಿಎಫ್ ಮಾಡಿದರೆ ಸಾಕಾ? ಅಲ್ಲೂ ಒಂದು ತೊಡಕು. ನುಡಿ, ಬರಹದಂಥ ತಂತ್ರಾಂಶಗಳು ಕನ್ನಡವನ್ನು ಕಂಪ್ಯೂಟರ್‌ಗೆ ತರುವಲ್ಲಿ ದೊಡ್ಡ ಕೆಲಸ ಮಾಡಿವೆ. ಆದ್ರೆ ಅವುಗಳ ಹಳೆಯ ಫಾಂಟ್‌ಗಳು ಯುನಿಕೋಡ್ ಬರುವ ಮುಂಚಿನ ಪದ್ಧತಿಯವು. ಅಲ್ಲಿ ಕನ್ನಡ ಅಕ್ಷರದ ಆಕಾರವನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಮೇಲೆ ಮುಖವಾಡದಂತೆ ಹಾಕಿರ್ತಾರೆ. ಹಳೆಯ ನುಡಿ ಫಾಂಟ್‌ನಲ್ಲಿ ‘ಕನ್ನಡ’ ಅಂತ ಬರೆದರೆ ಪರದೆ ಮೇಲೆ ಕನ್ನಡವೇ ಕಾಣುತ್ತೆ. ಕೋಡ್‌ನ ಒಳಗೆ ಇರೋದು ಮಾತ್ರ ಇಂಗ್ಲಿಷಿನ ಪಿ ಅಕ್ಷರ, ಪೌಂಡ್ ಹಣದ ಗುರುತು, ಕ್ಯೂ ಅಕ್ಷರ, ನಡುವೆ ತಲೆಯ ಮೇಲೆ ಗೀಟು ಇರುವ ಎ ಅಕ್ಷರಗಳು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಹಳೆಯ ಕಡತ ತೆರೆದಾಗ ವಿಚಿತ್ರ ಅಕ್ಷರಗಳು ಬರೋದನ್ನು ನೀವೂ ನೋಡಿರ್ತೀರಿ. ಸ್ಕ್ರೀನ್ ರೀಡರ್‌ಗೆ ಯಾವಾಗಲೂ ಕೇಳೋದು ಆ ವಿಚಿತ್ರ ಅಕ್ಷರಗಳೇ. ನಾವು ಓದೋದು ಮುಖವಾಡವನ್ನು, ಅದು ಓದೋದು ಒಳಗಿನ ಮುಖವನ್ನು.

ಯುನಿಕೋಡ್‌ನಲ್ಲಿ ಹಾಗಾಗಲ್ಲ. ಅಲ್ಲಿ ‘ಕ’ ಅಂದ್ರೆ ಎಲ್ಲ ಕಂಪ್ಯೂಟರ್‌ನಲ್ಲೂ ‘ಕ’ನೇ. ಎನ್‌ವಿಡಿಎ ಜೊತೆ ಬರುವ ಇ-ಸ್ಪೀಕ್ ಧ್ವನಿಗೆ ಕನ್ನಡ ಓದೋಕೆ ಬರುತ್ತೆ, ಮೊಬೈಲ್‌ನಲ್ಲೂ ಕನ್ನಡ ಧ್ವನಿ ಇದೆ. ಅಂದ್ರೆ ಓದುವ ಸಾಧನ ಸಿದ್ಧವಿದೆ, ಓದಿಸಿಕೊಳ್ಳುವ ಬರಹ ಸಿದ್ಧವಿಲ್ಲ. ಸರ್ಕಾರ ತನ್ನ ಕಚೇರಿಗಳಲ್ಲಿ ಯುನಿಕೋಡ್ ಬಳಸಬೇಕು ಅಂತ ಹೇಳಿ ವರ್ಷಗಳೇ ಆಗಿವೆ. ನುಡಿಯ ಹೊಸ ಆವೃತ್ತಿಗಳಲ್ಲೂ ಯುನಿಕೋಡ್ ಇದೆ. ಬದಲಾಗಬೇಕಿರೋದು ಹಳೆಯ ಫಾಂಟ್ ಬಿಡದ ಅಭ್ಯಾಸ.

ಇದಕ್ಕೆ ಸೇರಿದ ಇನ್ನೊಂದು ಚಿಕ್ಕ ವಿಷಯ. ವೆಬ್ ಪುಟದ ಕೋಡ್‌ನಲ್ಲಿ ‘ಈ ಪುಟ ಯಾವ ಭಾಷೆಯದು’ ಅಂತ ಹೇಳುವ ಒಂದು ಸಾಲು ಇರುತ್ತೆ. ಕನ್ನಡ ಪುಟಕ್ಕೂ ಅಲ್ಲಿ ‘ಇಂಗ್ಲಿಷ್’ ಅಂತ ಬಿಟ್ಟಿದ್ದರೆ, ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿಯಲ್ಲೇ ಕನ್ನಡ ಓದೋಕೆ ಹೋಗಿ ತಡವರಿಸಬಹುದು ಅಥವಾ ಅಕ್ಷರಗಳನ್ನೇ ಹಾರಿಸಿಬಿಡಬಹುದು. ತಿದ್ದೋಕೆ ಬೇಕಿರೋದು ಎರಡು ಅಕ್ಷರ.

ಓದುವ ಸಾಮಗ್ರಿಯ ಕಥೆ

ಪೋರ್ಟಲ್ ದಾಟಿ ತರಗತಿಗೆ ಬಂದರೆ? ಮೂಡಲ್‌ನಂಥ ಕಲಿಕಾ ವೇದಿಕೆಗಳಲ್ಲಿ ಸ್ಕ್ರೀನ್ ರೀಡರ್ ಬಳಕೆದಾರರನ್ನು ಗಮನದಲ್ಲಿ ಇಟ್ಟುಕೊಂಡು ಕೆಲಸ ಮಾಡಿದ್ದಾರೆ. ವೇದಿಕೆ ಚೆನ್ನಾಗಿದ್ದರೂ ಅದರೊಳಗೆ ಹಾಕುವ ಸಾಮಗ್ರಿ ಯಾವುದು? ಅಧ್ಯಾಪಕರು ಕೈಬರಹದ ಟಿಪ್ಪಣಿಯ ಫೋಟೊ ತೆಗೆದು ಹಾಕ್ತಾರೆ, ಇಲ್ಲವೇ ಪುಸ್ತಕದ ಪುಟ ಸ್ಕ್ಯಾನ್ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸ್ತಾರೆ. ಅರ್ಥಶಾಸ್ತ್ರದ ಗ್ರಾಫ್ ಇದ್ದರೆ ಅದರ ವಿವರಣೆ ಇರಲ್ಲ. ಗಣಿತದ ಸೂತ್ರಗಳು ಚಿತ್ರವಾಗಿರುತ್ತವೆ. ಅಂಧ ವಿದ್ಯಾರ್ಥಿಗಳು ವಿಜ್ಞಾನ, ವಾಣಿಜ್ಯದ ಕಡೆ ಹೋಗೋಕೆ ಹಿಂಜರಿಯೋದರ ಹಿಂದೆ ಇದೂ ಒಂದು ಕಾರಣ.

ಪುಸ್ತಕದ ವಿಷಯದಲ್ಲಿ ಕಾನೂನು ಮೊದಲೇ ದಾರಿ ಮಾಡಿಕೊಟ್ಟಿದೆ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ವಿಕಲಚೇತನರಿಗಾಗಿ ಪುಸ್ತಕವನ್ನು ಅವರು ಓದಬಲ್ಲ ರೂಪಕ್ಕೆ ಬದಲಾಯಿಸೋದು ಉಲ್ಲಂಘನೆ ಆಗಲ್ಲ. ಇದೇ ಆಶಯದ ಮರಕೇಶ್ ಅಂತರರಾಷ್ಟ್ರೀಯ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯವೂ ಶುರುವಾಯಿತು. ಅಂದ್ರೆ, ಪಠ್ಯಪುಸ್ತಕದ ಮೃದುಪ್ರತಿ ಕೊಡೋಕೆ ‘ಕಾಪಿರೈಟ್ ಅಡ್ಡ ಬರುತ್ತೆ’ ಅಂತ ಯಾವುದೇ ಕಾಲೇಜು ಗ್ರಂಥಾಲಯ ಹೇಳಿದರೆ ಆ ಮಾತಿಗೆ ಬಲ ಇಲ್ಲ.

ಹಾಗಾದ್ರೆ ಕಾನೂನು ಏನು ಹೇಳುತ್ತೆ?

2011ರ ಜನಗಣತಿಯಂತೆ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು, ಕರ್ನಾಟಕದಲ್ಲಿ ಸುಮಾರು 2.64 ಲಕ್ಷ ದೃಷ್ಟಿ ವಿಕಲಚೇತನರಿದ್ದಾರೆ. ಇವರ ಹಕ್ಕುಗಳಿಗೆ ಮುಖ್ಯ ಆಧಾರ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಜಾರಿಗೆ ಬಂದಿದ್ದು 2017ರ ಏಪ್ರಿಲ್ 19ರಂದು.

ಈ ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸರ್ಕಾರಿ ಮತ್ತು ಸರ್ಕಾರದ ಅನುದಾನ ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟು ವಿಕಲಚೇತನರಿಗೆ ಮೀಸಲು. ಇದು ಬಹಳ ಜನರಿಗೆ ಗೊತ್ತು. 42ನೇ ಸೆಕ್ಷನ್ ಅಷ್ಟಾಗಿ ಚರ್ಚೆಗೆ ಬರಲ್ಲ. ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿರುವ ಮಾಹಿತಿ ವಿಕಲಚೇತನರಿಗೂ ಸಿಗುವ ರೂಪದಲ್ಲಿರುವಂತೆ ಸರ್ಕಾರ ನೋಡಿಕೊಳ್ಳಬೇಕು ಅಂತ ಅದು ಹೇಳುತ್ತೆ. ಈ ಎರಡನ್ನೂ ಜೊತೆಗಿಟ್ಟು ನೋಡಿ. ಸೀಟು ಕೊಟ್ಟು, ಆ ಸೀಟಿನಲ್ಲಿ ಉಳಿಯೋಕೆ ಬೇಕಾದ ಪೋರ್ಟಲ್ ಕೊಡದಿದ್ದರೆ ಮೀಸಲಾತಿ ಅರ್ಧ ಹಕ್ಕು ಮಾತ್ರ.

ಸರಿ, ವೆಬ್‌ಸೈಟ್ ಹೇಗಿರಬೇಕು ಅನ್ನೋದಕ್ಕೆ ಅಳತೆಗೋಲು ಇದೆಯಾ? ಇದೆ. ಜಗತ್ತಿನಾದ್ಯಂತ ಬಳಸೋದು ಡಬ್ಲ್ಯುಸಿಎಜಿ ಎಂಬ ಮಾರ್ಗಸೂಚಿಯನ್ನು. 1999ರಲ್ಲಿ ಮೊದಲ ಆವೃತ್ತಿ ಬಂತು, 2008ರಲ್ಲಿ 2.0, 2018ರಲ್ಲಿ 2.1, 2023ರಲ್ಲಿ 2.2. ಅದರ ಸಾರ ನಾಲ್ಕೇ ಮಾತು: ಮಾಹಿತಿ ಯಾವುದಾದರೂ ಒಂದು ಇಂದ್ರಿಯಕ್ಕೆ ಸಿಗಬೇಕು, ಯಾವ ಸಾಧನದಿಂದಾದರೂ ಬಳಸಲು ಬರಬೇಕು, ಅರ್ಥವಾಗಬೇಕು, ಸಹಾಯಕ ತಂತ್ರಾಂಶಗಳ ಜೊತೆ ಕೆಟ್ಟುಹೋಗದೆ ನಡೆಯಬೇಕು. ಭಾರತ ಸರ್ಕಾರದ ವೆಬ್‌ಸೈಟ್‌ಗಳಿಗಿರುವ ಜಿಐಜಿಡಬ್ಲ್ಯು ಮಾರ್ಗಸೂಚಿ ಇದನ್ನೇ ಆಧರಿಸಿದೆ. ಭಾರತೀಯ ಮಾನಕ ಬ್ಯೂರೊದ ಐಎಸ್ 17802 ಎಂಬ ಮಾನಕವೂ ಇದೆ, 2023ರಲ್ಲಿ ಅದನ್ನು ಕಾಯ್ದೆಯ ನಿಯಮಗಳೊಳಗೆ ಸೇರಿಸಲಾಯಿತು. ಯುಜಿಸಿ ಕೂಡ 2022ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ ಸುಗಮ್ಯತೆಯ ಮಾರ್ಗಸೂಚಿ ಹೊರತಂದಿದೆ.

ಹಾಗಿದ್ದೂ ಯಾಕೆ ಆಗಿಲ್ಲ? ಇದಕ್ಕೆ ಒಂದು ಉತ್ತರ ಸುಪ್ರೀಂ ಕೋರ್ಟ್‌ನಲ್ಲಿ ಸಿಕ್ಕಿತು. ದೃಷ್ಟಿ ವಿಕಲಚೇತನರಾದ ರಾಜೀವ್ ರತೂರಿ ಅವರು 2005ರಲ್ಲಿ ಹೂಡಿದ್ದ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ತೀರ್ಪು ಬಂತು. ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ನೇತೃತ್ವದ ಪೀಠ ಹೇಳಿದ್ದರ ಸಾರಾಂಶ ಇದು: ಸುಗಮ್ಯತೆ ಕಡ್ಡಾಯ ಅಂತ ಕಾಯ್ದೆ ಹೇಳುತ್ತೆ. ಆದ್ರೆ ಅದರಡಿ ಮಾಡಿರುವ 15ನೇ ನಿಯಮ ಒಂದಷ್ಟು ಮಾರ್ಗಸೂಚಿಗಳ ಕಡೆ ಕೈ ತೋರಿಸುತ್ತೆ, ಅವು ‘ಮಾಡಿದರೆ ಒಳ್ಳೆಯದು’ ಎಂಬ ಸಲಹೆಯ ಧಾಟಿಯಲ್ಲಿವೆ. ಹಾಗಾಗಿ ನಿಯಮದ ಆ ಭಾಗ ಕಾಯ್ದೆಗೇ ವಿರುದ್ಧ. ಬಿಟ್ಟುಕೊಡಲಾಗದ ಕನಿಷ್ಠ ಮಾನದಂಡಗಳನ್ನು ಬೇರೆಯಾಗಿ, ಕಡ್ಡಾಯವಾಗಿ ರೂಪಿಸಿ ಅಂತ ಕೇಂದ್ರಕ್ಕೆ ಮೂರು ತಿಂಗಳ ಗಡುವನ್ನೂ ಕೊಟ್ಟಿತು.

ಆಮೇಲೆ 2025ರ ಏಪ್ರಿಲ್ 30ರಂದು ಇನ್ನೊಂದು ತೀರ್ಪು ಬಂತು. ಅದರಲ್ಲಿದ್ದದ್ದು ಬ್ಯಾಂಕುಗಳ ಡಿಜಿಟಲ್ ಕೆವೈಸಿ ವಿಷಯ. ‘ಕ್ಯಾಮೆರಾ ನೋಡಿ ಕಣ್ಣು ಮಿಟುಕಿಸಿ’ ಅಂದ್ರೆ ಆ್ಯಸಿಡ್ ದಾಳಿಗೊಳಗಾದವರು, ಅಂಧರು ಏನು ಮಾಡಬೇಕು ಅನ್ನೋ ಪ್ರಶ್ನೆ. ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹದೇವನ್ ಅವರ ಪೀಠ, ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೇ ವಿಧಿಯಡಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿ 20 ನಿರ್ದೇಶನ ಕೊಟ್ಟಿತು. ಆ್ಯಪ್, ವೆಬ್‌ಸೈಟ್ ರೂಪಿಸುವಾಗ ಪರೀಕ್ಷಾ ಹಂತದಲ್ಲೇ ಅಂಧರನ್ನು ಸೇರಿಸಿಕೊಳ್ಳಿ ಅನ್ನೋದು ಅವುಗಳಲ್ಲೊಂದು. ನಿರ್ದೇಶನಗಳು ಕೆವೈಸಿ ಕುರಿತಾದರೂ, ಹಿಂದಿನ ತತ್ವ ವಿಶ್ವವಿದ್ಯಾಲಯದ ಪೋರ್ಟಲ್‌ಗೂ ಅನ್ವಯಿಸುತ್ತೆ ಅಂತ ವಾದಿಸೋಕೆ ಈಗ ಗಟ್ಟಿ ನೆಲ ಸಿಕ್ಕಿದೆ.

ಹೊರದೇಶದ ಎರಡು ಪಾಠ

ಅಮೆರಿಕದಲ್ಲೂ ಇದು ತಾನಾಗೇ ಆಗಿಲ್ಲ. 2010ರಲ್ಲಿ ಅಲ್ಲಿನ ಅಂಧರ ರಾಷ್ಟ್ರೀಯ ಒಕ್ಕೂಟ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಮೇಲೆ ಕೇಂದ್ರ ಶಿಕ್ಷಣ ಇಲಾಖೆಗೆ ದೂರು ಕೊಟ್ಟಿತು. ಕಲಿಕಾ ವೇದಿಕೆ, ಗ್ರಂಥಾಲಯದ ಕ್ಯಾಟಲಾಗ್, ವಿಭಾಗಗಳ ವೆಬ್‌ಸೈಟ್, ತರಗತಿಯ ಡಿಜಿಟಲ್ ಪೋಡಿಯಂ ಯಾವುದೂ ಅಂಧ ವಿದ್ಯಾರ್ಥಿ, ಅಧ್ಯಾಪಕರಿಗೆ ಬಳಸಲು ಬರ್ತಿಲ್ಲ ಅನ್ನೋದು ದೂರು. 2011ರಲ್ಲಿ ಒಪ್ಪಂದವಾಯಿತು. ತನ್ನ ವ್ಯವಸ್ಥೆಗಳನ್ನು ಪರಿಶೀಲಿಸಿ ಸರಿಪಡಿಸೋದರ ಜೊತೆಗೆ, ಮುಂದೆ ಕೊಳ್ಳುವ ತಂತ್ರಜ್ಞಾನವೂ ಸುಗಮ್ಯವಾಗಿರಬೇಕು ಅನ್ನೋದನ್ನು ವಿಶ್ವವಿದ್ಯಾಲಯ ಒಪ್ಪಿಕೊಂಡಿತು. ಖರೀದಿಯ ಹಂತದಲ್ಲೇ ಕೇಳಬೇಕು ಅನ್ನೋದು ಇಲ್ಲಿನ ಪಾಠ.

ಎರಡನೆಯದು ಎಚ್ಚರಿಕೆಯ ಕಥೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸಾವಿರಾರು ಉಪನ್ಯಾಸಗಳ ವಿಡಿಯೊಗಳನ್ನು ಎಲ್ಲರಿಗೂ ಉಚಿತವಾಗಿ ಇಟ್ಟಿತ್ತು. ಶೀರ್ಷಿಕೆ ಪಠ್ಯ ಇಲ್ಲ, ದಾಖಲೆಗಳನ್ನು ಸ್ಕ್ರೀನ್ ರೀಡರ್ ಓದಲ್ಲ ಅಂತ 2016ರಲ್ಲಿ ನ್ಯಾಯ ಇಲಾಖೆ ಹೇಳಿತು. ವಿಶ್ವವಿದ್ಯಾಲಯ ಏನು ಮಾಡಿತು ಗೊತ್ತಾ? 2017ರಲ್ಲಿ 20 ಸಾವಿರಕ್ಕೂ ಹೆಚ್ಚು ವಿಡಿಯೊ, ಆಡಿಯೊಗಳನ್ನು ಸಾರ್ವಜನಿಕರಿಂದ ಹಿಂತೆಗೆದುಕೊಂಡಿತು. ‘ನೋಡಿ, ಇವರಿಂದ ಎಲ್ಲರಿಗೂ ನಷ್ಟ’ ಎಂಬ ಬೈಗುಳ ಬಿದ್ದಿದ್ದು ವಿಕಲಚೇತನರಿಗೆ. ಕೊನೆಗೆ 2022ರಲ್ಲಿ ಅದೇ ವಿಶ್ವವಿದ್ಯಾಲಯ ತನ್ನ ಆನ್‌ಲೈನ್ ಸಾಮಗ್ರಿಯನ್ನು ಸುಗಮ್ಯ ಮಾಡುವ ಒಪ್ಪಂದಕ್ಕೆ ಬಂತು. ಮೊದಲೇ ಮಾಡಿದ್ದರೆ ಯಾರಿಗೂ ನಷ್ಟ ಇರ್ತಿರಲಿಲ್ಲ.

ಸರಿಪಡಿಸೋದು ಅಷ್ಟು ಕಷ್ಟವೇ?

ವೆಬ್‌ಏಮ್ ಎಂಬ ಸಂಸ್ಥೆ ಪ್ರತಿವರ್ಷ ಜಗತ್ತಿನ ಹತ್ತು ಲಕ್ಷ ವೆಬ್‌ಸೈಟ್‌ಗಳ ಮುಖಪುಟ ಪರಿಶೀಲಿಸುತ್ತೆ. 2025ರಲ್ಲಿ ಶೇ 94.8ರಷ್ಟು ಪುಟಗಳಲ್ಲಿ ದೋಷ ಸಿಕ್ಕಿತ್ತು. ಗಾಬರಿ ಬೇಡ, ಇದರಲ್ಲೇ ಒಂದು ಒಳ್ಳೆಯ ಸುದ್ದಿಯೂ ಇದೆ. ಸಿಕ್ಕ ದೋಷಗಳಲ್ಲಿ ಶೇ 96ರಷ್ಟು ಬರೀ ಆರು ಬಗೆಯವು: ಮಸುಕು ಬಣ್ಣದ ಅಕ್ಷರ, ವಿವರಣೆ ಇಲ್ಲದ ಚಿತ್ರ, ಹೆಸರಿಲ್ಲದ ಖಾನೆ, ಖಾಲಿ ಲಿಂಕ್, ಖಾಲಿ ಬಟನ್, ಭಾಷೆ ಹೇಳದ ಪುಟ. ಈ ಆರರಲ್ಲಿ ಯಾವುದಕ್ಕೂ ಹೊಸ ಸಂಶೋಧನೆ ಬೇಕಿಲ್ಲ. ವೆಬ್ ಪುಟ ಬರೆಯಲು ಬಲ್ಲವರಿಗೆ ಇವು ಮೊದಲ ಪಾಠಗಳು.

ಕ್ಯಾಪ್ಚಾ ತೆಗೆದರೆ ಭದ್ರತೆಗೆ ಧಕ್ಕೆ ಅಂತ ತಾಂತ್ರಿಕ ವಿಭಾಗದವರು ಹೇಳಬಹುದು. ಮೊಬೈಲ್‌ಗೆ ಒಟಿಪಿ, ಇಮೇಲ್‌ಗೆ ಲಿಂಕ್, ಒಂದೇ ಕಡೆಯಿಂದ ಪದೇಪದೇ ಬರುವ ಲಾಗಿನ್ ಯತ್ನಕ್ಕೆ ಮಿತಿ, ಹೀಗೆ ಬೇರೆ ದಾರಿಗಳಿವೆ.

ಇನ್ನೊಂದು ತಪ್ಪು ಕಲ್ಪನೆ. ವೆಬ್‌ಸೈಟ್‌ನ ಮೂಲೆಯಲ್ಲಿ ಅಕ್ಷರ ದೊಡ್ಡದು, ಚಿಕ್ಕದು ಮಾಡುವ ಬಟನ್, ಬಣ್ಣ ಬದಲಿಸುವ ಬಟನ್ ಹಾಕಿ ‘ನಮ್ಮದು ಸುಗಮ್ಯ ವೆಬ್‌ಸೈಟ್’ ಅಂದುಕೊಳ್ಳೋದು. ಮಂದದೃಷ್ಟಿಯ ಕೆಲವರಿಗೆ ಅದು ನೆರವಾಗಬಹುದು. ಆದ್ರೆ ಹೆಸರಿಲ್ಲದ ಖಾನೆಗೆ ಆ ಬಟನ್ ಹೆಸರು ಕೊಡಲ್ಲ, ಸ್ಕ್ಯಾನ್ ಮಾಡಿದ ಸುತ್ತೋಲೆಯನ್ನು ಅಕ್ಷರವಾಗಿಸಲ್ಲ.

ದೊಡ್ಡ ಬದಲಾವಣೆ ಆಗಬೇಕಿರೋದು ಟೆಂಡರ್‌ನಲ್ಲಿ. ಪೋರ್ಟಲ್ ಕಟ್ಟಿಸುವಾಗಲೇ ಇಂಥ ಮಾನಕ ಪಾಲಿಸಬೇಕು, ಸ್ಕ್ರೀನ್ ರೀಡರ್ ಬಳಸುವವರು ಅರ್ಜಿ ತುಂಬಿ ತೋರಿಸಿದ ಮೇಲೆಯೇ ಕೊನೆಯ ಕಂತು ಅಂತ ಬರೆದರೆ ಅರ್ಧ ಕೆಲಸ ಮುಗೀತು. ಕಟ್ಟಿದ ಮನೆಗೆ ಆಮೇಲೆ ಬಾಗಿಲು ಕೊರೆಯೋದಕ್ಕೆ ಯಾವಾಗಲೂ ಖರ್ಚು ಜಾಸ್ತಿ. ರಾಜ್ಯದಲ್ಲಿ ಹಲವು ವಿಶ್ವವಿದ್ಯಾಲಯಗಳಿಗೆ ಒಂದೇ ವ್ಯವಸ್ಥೆ ಇರೋದು ಇಲ್ಲಿ ಅನುಕೂಲವೇ. ಒಂದು ಕಡೆ ಉಳಿದ ದೋಷ ಎಲ್ಲರನ್ನೂ ಕಾಡುತ್ತೆ ನಿಜ, ಒಂದು ಕಡೆ ಮಾಡಿದ ತಿದ್ದುಪಡಿ ಕೂಡ ಅದೇ ದಿನ ಎಲ್ಲರಿಗೂ ಮುಟ್ಟುತ್ತೆ.

ನೀವೇ ಮಾಡಿ ನೋಡಬಹುದಾದ ಪರೀಕ್ಷೆ

ನೀವು ಅಧ್ಯಾಪಕರಿರಬಹುದು, ಕಾಲೇಜಿನ ಸಿಬ್ಬಂದಿ ಇರಬಹುದು, ವಿದ್ಯಾರ್ಥಿ ಇರಬಹುದು. ಐದೇ ನಿಮಿಷದಲ್ಲಿ ಇವನ್ನು ಮಾಡಿ ನೋಡಿ.

ಒಂದು, ಮೌಸ್ ಪಕ್ಕಕ್ಕಿಡಿ. ಟ್ಯಾಬ್ ಮತ್ತು ಎಂಟರ್ ಕೀಗಳಿಂದಲೇ ನಿಮ್ಮ ಕಾಲೇಜಿನ ಲಾಗಿನ್ ಪುಟ ದಾಟಿ. ನೀವು ಈಗ ಎಲ್ಲಿದ್ದೀರಿ ಅಂತ ಪರದೆಯಲ್ಲಿ ಗೊತ್ತಾಗ್ತಿದೆಯಾ?

ಎರಡು, ಕಂಟ್ರೋಲ್ ಮತ್ತು ಪ್ಲಸ್ ಒತ್ತಿ ಪುಟವನ್ನು ಶೇ 200ಕ್ಕೆ ಹಿಗ್ಗಿಸಿ. ಬಟನ್‌ಗಳು ಕಾಣೆಯಾದವಾ? ಮಂದದೃಷ್ಟಿಯವರಿಗೆ ದಿನವೂ ಕಾಣೋದು ಅದೇ ಪುಟ.

ಮೂರು, ಇತ್ತೀಚಿನ ಒಂದು ಸುತ್ತೋಲೆ ತೆರೆದು ಒಂದು ಸಾಲು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಸಾಲನ್ನು ಆರಿಸೋಕೇ ಆಗದಿದ್ದರೆ ಅದು ಚಿತ್ರ. ವಿಚಿತ್ರ ಅಕ್ಷರ ಬಂದರೆ ಹಳೆಯ ಫಾಂಟ್. ಕನ್ನಡವಾಗೇ ಬಂದರೆ ಅದು ಯುನಿಕೋಡ್.

ನಾಲ್ಕು, ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ಟಾಕ್‌ಬ್ಯಾಕ್ ಆನ್ ಮಾಡಿ, ಕಣ್ಣು ಮುಚ್ಚಿ ಪೋರ್ಟಲ್ ತೆರೆಯಿರಿ. ಒಂದು ಎಚ್ಚರಿಕೆ: ಆನ್ ಆದ ಮೇಲೆ ಯಾವುದನ್ನೇ ತೆರೆಯೋಕೂ ಎರಡು ಸಲ ತಟ್ಟಬೇಕು. ಆಫ್ ಮಾಡೋದು ಹೇಗೆ ಅಂತ ಮೊದಲೇ ತಿಳ್ಕೊಂಡಿರಿ.

ದೋಷ ಕಂಡರೆ ಪುಟದ ವಿಳಾಸ, ಯಾವ ಸ್ಕ್ರೀನ್ ರೀಡರ್, ಯಾವ ಹಂತದಲ್ಲಿ ನಿಂತಿತು ಅನ್ನೋದನ್ನು ಬರೆದು ಕುಲಸಚಿವರಿಗೆ ಲಿಖಿತವಾಗಿ ಕೊಡಿ, ಸಮಾನ ಅವಕಾಶ ಘಟಕ ಇದ್ದರೆ ಅದಕ್ಕೂ ಪ್ರತಿ ಕೊಡಿ. ಅಲ್ಲಿ ಆಗದಿದ್ದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು. ಹಕ್ಕು ಕಸಿದ ದೂರುಗಳನ್ನು ವಿಚಾರಿಸುವ ಅಧಿಕಾರವನ್ನು 2016ರ ಕಾಯ್ದೆ ಅವರಿಗೆ ಕೊಟ್ಟಿದೆ. ಕಾಯ್ದೆ ಮೀರಿದರೆ ಮೊದಲ ಸಲ ₹10 ಸಾವಿರದವರೆಗೆ, ಮತ್ತೆ ಮೀರಿದರೆ ₹50 ಸಾವಿರದಿಂದ ₹5 ಲಕ್ಷದವರೆಗೆ ದಂಡಕ್ಕೂ 89ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ.

ಅಧ್ಯಾಪಕರಿಗೆ ಒಂದೇ ವಿನಂತಿ. ಟಿಪ್ಪಣಿಯ ಫೋಟೊ ಕಳಿಸೋ ಬದಲು, ಟೈಪ್ ಮಾಡಿದ ಯುನಿಕೋಡ್ ಕಡತವನ್ನೇ ಕಳಿಸಿ. ತರಗತಿಯಲ್ಲಿ ಒಬ್ಬರೇ ಅಂಧ ವಿದ್ಯಾರ್ಥಿ ಇದ್ದರೂ ಕಳಿಸಿ. ಅದರಿಂದ ಉಳಿದವರಿಗೂ ಅನುಕೂಲ, ಹುಡುಕಬಹುದು, ಮೊಬೈಲ್‌ನಲ್ಲಿ ಅಕ್ಷರ ದೊಡ್ಡದು ಮಾಡ್ಕೊಳ್ಳಬಹುದು, ಬಸ್ಸಿನಲ್ಲಿ ಕೂತು ಕೇಳಲೂಬಹುದು.

ದೃಷ್ಟಿ ಇಲ್ಲದ ವಿದ್ಯಾರ್ಥಿ ಇಲ್ಲಿ ಕೇಳ್ತಿರೋದು ರಿಯಾಯಿತಿಯನ್ನಲ್ಲ. ತನ್ನ ಅರ್ಜಿ ತಾನೇ ತುಂಬಬೇಕು, ತನ್ನ ಪಾಸ್‌ವರ್ಡ್ ತನಗಷ್ಟೇ ಗೊತ್ತಿರಬೇಕು, ತನ್ನ ಫಲಿತಾಂಶ ಮೊದಲು ತನಗೇ ತಿಳಿಯಬೇಕು ಅಂತ. ಉಳಿದ ವಿದ್ಯಾರ್ಥಿಗಳಿಗೆ ಇದೆಲ್ಲ ಕೇಳದೆಯೇ ಸಿಕ್ಕಿದೆ.

ನಿಮ್ಮ ಕಾಲೇಜಿನ ಪೋರ್ಟಲ್‌ನಲ್ಲಿ ಈ ಪರೀಕ್ಷೆ ಮಾಡಿದರೆ ಏನು ಗೊತ್ತಾಯಿತು ಅಂತ ನಮಗೆ ಬರೆದು ತಿಳಿಸಿ.